ವೀರಗಲ್ಲಿನ ಪಕ್ಕ ಐದು ಸಾಲು

ರಸ್ತೆಯ ಬದಿಯಲ್ಲಿ ನೀಲಿ ಬಣ್ಣದ ತಗಡಿನ ಫಲಕ ಕಂಡರೆ ಇಳಿದು ಹೋಗಿ ಓದುವ ಅಭ್ಯಾಸ ನನಗೆ ಬಹಳ ಕಾಲದಿಂದ ಇದೆ. ಓದಿ ಮುಗಿಸಿದಾಗಲೆಲ್ಲ ಒಂದೇ ಕೊರತೆ ಮನಸ್ಸನ್ನು ಕೊರೆಯುತ್ತದೆ. ಈ ಸ್ಮಾರಕವನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಲಾಗಿದೆ, ಇದನ್ನು ಒಡೆಯುವವರು, ಕದಲಿಸುವವರು, ವಿರೂಪಗೊಳಿಸುವವರು ಶಿಕ್ಷೆಗೆ ಗುರಿಯಾಗುತ್ತಾರೆ ಎಂಬ ಎಚ್ಚರಿಕೆ ಅಲ್ಲಿರುತ್ತದೆ. 2010ರ ತಿದ್ದುಪಡಿಯ ನಂತರ ಆ ಶಿಕ್ಷೆ ಎರಡು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಿದೆ. ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ವಿವರವನ್ನೂ ಹಲವು ಕಡೆ ಬರೆದಿರುತ್ತಾರೆ. ಇಷ್ಟನ್ನೂ ಓದಿದ ದಾರಿಹೋಕನಿಗೆ ಎದುರಿಗಿರುವ ಕಲ್ಲನ್ನು ಮುಟ್ಟಬಾರದೆಂದು ಚೆನ್ನಾಗಿ ತಿಳಿಯುತ್ತದೆ. ಆ ಕಲ್ಲು ಯಾರದು, ಅಲ್ಲಿ ಏನು ನಡೆಯಿತು, ಅದನ್ನು ಆ ಜಾಗದಲ್ಲೇ ಏಕೆ ನಿಲ್ಲಿಸಿದರು ಎಂಬುದು ತಿಳಿಯುವುದಿಲ್ಲ. ಕಾಯ್ದೆಯ ಎಚ್ಚರಿಕೆ ಬೇಕು, ಅದಿಲ್ಲದೆ ಎಷ್ಟೋ ಕಲ್ಲುಗಳು ಇಂದು ಇರುತ್ತಿರಲಿಲ್ಲ. ಆದರೆ ಎಚ್ಚರಿಕೆಗೆ ಸಿಕ್ಕ ಜಾಗದ ಅರ್ಧದಷ್ಟಾದರೂ ಸತ್ತವನ ಹೆಸರಿಗೆ, ಅವನ ಕಥೆ ಹೇಳುವ ಐದು ಸಾಲಿಗೆ ಸಿಗಬೇಕಿತ್ತು ಎಂಬ ನೋವು ನನ್ನನ್ನು ಬಿಡುವುದಿಲ್ಲ.

ಈ ನೋವು ಹೆಚ್ಚಾಗುವುದಕ್ಕೆ ಕಾರಣವಿದೆ. ನಮ್ಮ ನಾಡಿನಲ್ಲಿ ರಸ್ತೆ ಬದಿಯ ಸ್ಮಾರಕ ಫಲಕ ಹೊರಗಿನಿಂದ ಬಂದದ್ದಲ್ಲ. ವೀರಗಲ್ಲೇ ಅಂಥದ್ದೊಂದು ಫಲಕ. ಊರ ಬಾಗಿಲು, ಕೆರೆಯ ಏರಿ, ದೇವಸ್ಥಾನದ ಮುಂಭಾಗ, ಹೀಗೆ ಜನ ದಿನವೂ ಓಡಾಡುವ ಕಡೆಗಳಲ್ಲಿ ಅದನ್ನು ನೆಟ್ಟರು. ಅಕ್ಷರವಿರುವ ಕಲ್ಲಾದರೆ ಆಗ ಯಾರು ಆಳುತ್ತಿದ್ದರು, ಯಾವ ಕಾಳಗ, ಸತ್ತವನು ಯಾರ ಮಗ, ಕಲ್ಲು ನಿಲ್ಲಿಸಿದವರು ಯಾರು, ಅವನ ಮನೆಯವರಿಗೆ ಯಾವ ಭೂಮಿ ಕೊಟ್ಟರು, ಆ ಭೂಮಿಯನ್ನು ಕಿತ್ತುಕೊಂಡವನಿಗೆ ಯಾವ ಪಾಪ ತಟ್ಟುತ್ತದೆ ಎಂಬುದೆಲ್ಲ ಕೆಲವೇ ಸಾಲುಗಳಲ್ಲಿ ಬಂದುಬಿಡುತ್ತದೆ. ಅಕ್ಷರ ಬಾರದವರಿಗೆ ಅದೇ ಕಲ್ಲಿನ ಮೇಲೆ ಚಿತ್ರವಿದೆ. ಎಚ್ಚರಿಕೆಯೂ ಇದೆ, ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಶ್ಲೋಕ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಶಾಪ ಬರುವುದು ಕೊನೆಯಲ್ಲಿ, ಸತ್ತವನ ಕಥೆಯನ್ನು ಹೇಳಿ ಮುಗಿಸಿದ ಮೇಲೆ. ಹತ್ತನೆಯ ಶತಮಾನದ ಒಂದು ಹಳ್ಳಿ ತನ್ನ ದಾರಿಹೋಕರಿಗೆ ಕೊಟ್ಟಷ್ಟು ಮಾಹಿತಿಯನ್ನು ನಾವು ಇಂದು ಅದೇ ಕಲ್ಲಿನ ಪಕ್ಕದಲ್ಲಿ ಕೊಡುತ್ತಿಲ್ಲ.

ಕೆರೆಯೇರಿಯ ಮೇಲಿನ ಒಂದು ಬೆಳಗು

ವೀರಗಲ್ಲಿನ ಮೂರು ಹಂತಗಳ ವಿಷಯ ಎಲ್ಲರಿಗೂ ಗೊತ್ತಿರುವಂಥದು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ, ಅದರ ಮೇಲೆ ಸೂರ್ಯಚಂದ್ರರು. ಮೇಲಿನ ಎರಡು ಹಂತಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಬಗೆ. ಸ್ವರ್ಗದಲ್ಲಿ ಊರೂರಿಗೆ ವ್ಯತ್ಯಾಸವಿಲ್ಲ. ಊರಿನ ಚರಿತ್ರೆ ಇರುವುದು ಕೆಳಗಿನ ಹಂತದಲ್ಲಿ. ಅಲ್ಲಿ ಸಾಲಾಗಿ ಹಸುಗಳಿದ್ದರೆ ಅದು ತುರುಗಾಳಗ, ಹೆಂಗಸೊಬ್ಬಳನ್ನು ಎಳೆಯುತ್ತಿದ್ದರೆ ಪೆಣ್ಬುಯ್ಯಲು, ಹುಲಿಯೋ ಹಂದಿಯೋ ಇದ್ದರೆ ಬೇಟೆ. ದುರದೃಷ್ಟವೆಂದರೆ ನೆಲದಲ್ಲಿ ಹುಗಿದುಹೋಗುವುದೂ ಇದೇ ಹಂತ. ರಸ್ತೆಗೆ ಪ್ರತಿ ಸಲ ಜಲ್ಲಿ ಹಾಕಿ ಡಾಂಬರು ಸುರಿದಾಗಲೂ ನೆಲ ಒಂದಷ್ಟು ಏರುತ್ತದೆ, ಕಲ್ಲು ಅಷ್ಟು ಇಳಿಯುತ್ತದೆ. ಮೇಲಿನ ಲಿಂಗ, ಪೂಜಾರಿ, ಸೂರ್ಯಚಂದ್ರರು ಮಾತ್ರ ಕಾಣುವ ಎಷ್ಟೋ ಕಲ್ಲುಗಳನ್ನು ಜನ ಈಶ್ವರನ ಕಲ್ಲೆಂದೇ ತಿಳಿದಿರುವುದು ಇದರಿಂದ.

ಒಂದು ಬೇಸಿಗೆಯ ಬೆಳಗ್ಗೆ ಶಾಸನಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಹಿರಿಯರೊಬ್ಬರ ಜೊತೆ ಅಂಥದ್ದೊಂದು ಕಲ್ಲಿನ ಪಡಿಯಚ್ಚು ತೆಗೆಯುವುದನ್ನು ನೋಡಲು ಹೋಗಿದ್ದೆ. ಕೆರೆಯೇರಿಯ ಮೇಲೆ, ಬಂಡಿಜಾಡಿನ ಪಕ್ಕದಲ್ಲಿ, ಅರ್ಧ ಹೂತ ಕಲ್ಲು. ಹಿಂದಿನ ದಿನವೇ ಊರಿನ ಹುಡುಗರು ಸುತ್ತ ಮಣ್ಣು ಬಿಡಿಸಿದ್ದರು. ಆ ಹಿರಿಯರು ಮೊದಲು ತೆಂಗಿನ ನಾರಿನಿಂದ, ಆಮೇಲೆ ಗಟ್ಟಿ ಬ್ರಷ್ಷಿನಿಂದ ನೀರು ಹಾಕಿ ಕಲ್ಲನ್ನು ತೊಳೆದರು. ವರ್ಷಗಳ ಎಣ್ಣೆ, ಸುಣ್ಣ, ಕುಂಕುಮ ಪದರಪದರವಾಗಿ ಕಳಚಿತು. ಲೋಹದ ಉಪಕರಣ ಮಾತ್ರ ಕಲ್ಲಿಗೆ ತಾಗಬಾರದು ಎಂದು ಪದೇ ಪದೇ ಹೇಳುತ್ತಿದ್ದರು. ಬಳಿಕ ತೇವಗೊಳಿಸಿದ ಕಾಗದವನ್ನು ಕಲ್ಲಿನ ಮೈಮೇಲೆ ಹಾಸಿ, ನಡುವಿನಿಂದ ಅಂಚಿಗೆ ಗಾಳಿ ಹೊರಡುವಂತೆ ಒತ್ತುತ್ತಾ ಬಂದು, ಬ್ರಷ್ಷಿನಿಂದ ಹದವಾಗಿ ಬಡಿಯತೊಡಗಿದರು. ಕಾಗದ ಹರಿಯದಂತೆ, ಆದರೆ ಪ್ರತಿ ಅಕ್ಷರದ ತಗ್ಗಿಗೂ ಇಳಿಯುವಂತೆ ಬಡಿಯುವುದರಲ್ಲೇ ಈ ವಿದ್ಯೆಯೆಲ್ಲ ಇದೆ. ತೇವ ಅರ್ಧ ಆರಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಮಸಿ ತಾಗಿಸಿ ಕಾಗದದ ಮೇಲೆ ತಟ್ಟುತ್ತಾ ಹೋದರು. ಉಬ್ಬಿದ ಕಡೆಯೆಲ್ಲ ಕಪ್ಪಾಗಿ, ತಗ್ಗಿಗಿಳಿದ ಅಕ್ಷರಗಳು ಬಿಳಿಯಾಗಿ ಒಂದೊಂದಾಗಿ ಎದ್ದುಬಂದವು. ಅಷ್ಟು ಹೊತ್ತು ಬರಿಗಣ್ಣಿಗೆ ಗೀರುಗಳಂತೆ ಕಂಡದ್ದು ಸಾಲಾಯಿತು.

ಆರಂಭದ ಸಾಲುಗಳು ಸವೆದುಹೋಗಿದ್ದವು. ವೀರನ ಹೆಸರಿರಬೇಕಾದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿತ್ತು. ಉಳಿದಿದ್ದರಲ್ಲಿ ಅವರು ಬೆರಳಿಟ್ಟು ಓದಿದ್ದು ‘ತುರುವಂ ಮಗುಳ್ಚಿ’ ಎಂಬ ಮಾತು, ಹಸುಗಳನ್ನು ಮರಳಿಸಿ ಸತ್ತ ಎಂಬರ್ಥದಲ್ಲಿ ನೂರಾರು ಕಲ್ಲುಗಳಲ್ಲಿ ಬರುವಂಥದು. ಸುತ್ತ ನಿಂತಿದ್ದ ಊರಿನವರಲ್ಲಿ ವಯಸ್ಸಾದ ಒಬ್ಬರು ಅದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ತಮ್ಮ ಅಜ್ಜನ ಕಾಲದಲ್ಲಿ ದನಕರುಗಳಿಗೆ ರೋಗ ಬಂದರೆ ಈ ಕಲ್ಲನ್ನು ತೊಳೆದು ಆ ನೀರನ್ನು ಕೊಟ್ಟಿಗೆಯಲ್ಲಿ ಎರಚುತ್ತಿದ್ದರೆಂದೂ, ಈ ಕಲ್ಲಿಗೂ ದನಕ್ಕೂ ಏನು ಸಂಬಂಧವೆಂದು ತಾವು ಯಾವತ್ತೂ ಕೇಳಿರಲಿಲ್ಲವೆಂದೂ ಹೇಳಿದರು. ಆ ಊರು ಸತ್ತವನ ಹೆಸರನ್ನು ಮರೆತಿತ್ತು, ಅವನ ಕಾಲವನ್ನು ಮರೆತಿತ್ತು, ಅವನು ಮಾಡಿದ ಕೆಲಸವನ್ನು ಮಾತ್ರ ಆಚರಣೆಯ ರೂಪದಲ್ಲಿ ಹಿಡಿದಿಟ್ಟುಕೊಂಡಿತ್ತು. ಪಡಿಯಚ್ಚು ಸುರುಳಿ ಸುತ್ತಿಕೊಂಡು ನಾವು ಹೊರಟೆವು. ಓದಿದ ಪಾಠ ಮುಂದೆ ಒಂದು ದಿನ ಅಚ್ಚಾಗುತ್ತದೆ, ಗ್ರಂಥಾಲಯದಲ್ಲಿ ಸಿಗುತ್ತದೆ. ಕೆರೆಯೇರಿಯ ಮೇಲೆ ಅದರ ಒಂದು ಸಾಲೂ ಉಳಿಯಲಿಲ್ಲ. ವಿದ್ವಾಂಸರ ಕೆಲಸ ಊರಿನಿಂದ ಹೊರಟು ಪುಸ್ತಕಕ್ಕೆ ತಲುಪುವ ದಾರಿ ನಮ್ಮಲ್ಲಿ ಚೆನ್ನಾಗಿದೆ. ಪುಸ್ತಕದಿಂದ ಮತ್ತೆ ಊರಿಗೆ ಬರುವ ದಾರಿಯನ್ನು ನಾವು ಮಾಡಿಕೊಂಡಿಲ್ಲ.

ಪುಸ್ತಕದ ಕಡೆಯ ಕೆಲಸ ಎಷ್ಟು ದೊಡ್ಡದೆಂಬುದನ್ನು ನೆನೆಯದೆ ಮುಂದೆ ಹೋಗಲಾಗದು. 1885ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಆರಂಭವಾಗಿ, ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದರು. ಅವರ ನಂತರ ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ. ಎಚ್. ಕೃಷ್ಣ ಅವರು ಆ ಇಲಾಖೆಯನ್ನು ನಡೆಸಿದರು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯ ಅದೇ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರುತ್ತಾ ಬಂತು. ಅವುಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಹಳ್ಳಿಯ ಹೆಸರು ಹೇಳಿ, ಹಳ್ಳಿಯ ಯಾವ ದಿಕ್ಕಿನಲ್ಲಿ, ಯಾರ ಹೊಲದಲ್ಲಿ, ಯಾವ ಗುಡಿಯ ಎಡಕ್ಕೆ ಕಲ್ಲಿದೆ ಎಂದು ಬರೆದಿದ್ದಾರೆ. ಒಂದು ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ತನ್ನ ವ್ಯಾಪ್ತಿಯ ಪ್ರಕಟಿತ ಶಾಸನಗಳ ಪಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು.

ಬೇಗೂರು, ಹೆಬ್ಬಾಳ

ಬೆಂಗಳೂರಿನವರಿಗೆ ಬೇಗೂರಿನ ಕಲ್ಲು ಪರಿಚಿತವೇ. ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಆ ಶಾಸನ, ‘ಬೆಂಗಳೂರ ಕಾಳೆಗ’ದಲ್ಲಿ ಗಂಗರ ಅಧಿಕಾರಿ ನಾಗತ್ತರನ ಮನೆಮಗ, ಅಂದರೆ ಮನೆಯ ಸೇವಕ, ಪೆರ್ವೊಣ ಸೆಟ್ಟಿ ಸತ್ತುದನ್ನು ಹೇಳುತ್ತದೆ. ಊರಿನ ಹೆಸರು ಅಷ್ಟು ಹಳೆಯದೆಂಬ ಕಾರಣಕ್ಕೆ ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಕಲ್ಲನ್ನು ನಿಲ್ಲಿಸಿದವರಿಗೆ ಊರಿನ ಹೆಸರು ಮುಖ್ಯವಾಗಿರಲಿಲ್ಲ, ಸತ್ತವನು ಮುಖ್ಯನಾಗಿದ್ದ. ಇಂದು ನಾವು ಊರಿನ ಹೆಸರನ್ನು ಎತ್ತಿಕೊಂಡು ಪೆರ್ವೊಣ ಸೆಟ್ಟಿಯನ್ನು ಅಲ್ಲೇ ಬಿಟ್ಟು ಬಂದಿದ್ದೇವೆ. ಕೋಟಿಗಟ್ಟಲೆ ಜನರಿರುವ ನಗರವೊಂದರ ಹೆಸರು ಮೊದಲಿಗೆ ಲಿಖಿತವಾಗಿ ಸಿಗುವುದು ಒಬ್ಬ ಸೇವಕನ ಸಾವಿನ ವಾರ್ತೆಯಲ್ಲಿ, ರಾಜನ ಪಟ್ಟಾಭಿಷೇಕದಲ್ಲೋ ಮಠದ ದಾನದಲ್ಲೋ ಅಲ್ಲ ಎಂಬ ಸಂಗತಿಯನ್ನು ಶಾಲೆಯ ಮಕ್ಕಳಿಗೆ ಆ ಕಲ್ಲಿನ ಎದುರಿಗೇ ಹೇಳಬೇಕು.

ಬೇಗೂರಿನದೇ ಇನ್ನೊಂದು ಕಲ್ಲು, ಸ್ವತಃ ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ವೀರಮಹೇಂದ್ರನ ವಿರುದ್ಧ ಹೋರಾಡಿ ಮಡಿದುದನ್ನು ಹೇಳುವಂಥದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿದ್ದ ಹೆಣ, ಸುತ್ತುವರಿದ ಕಾಲಾಳುಗಳಿಂದ ಕಿಕ್ಕಿರಿದ ಅದರ ಕೆತ್ತನೆಯ ಎದುರು ಎಷ್ಟು ಹೊತ್ತು ನಿಂತರೂ ಸಾಲದು. ಒಡೆಯನ ಕಲ್ಲು ನಗರದ ಮಧ್ಯದ ಸಂಗ್ರಹಾಲಯಕ್ಕೆ ಬಂದಿದೆ, ಅವನ ಮನೆಮಗನ ಕಲ್ಲು ಊರಲ್ಲೇ ಉಳಿದಿದೆ.

ಹೆಬ್ಬಾಳದ ಕಥೆ ಇತ್ತೀಚಿನದು. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅದೇ ಹಳೆಯದು. ರಟ್ಟವಾಡಿಯ, ಅಂದರೆ ರಾಷ್ಟ್ರಕೂಟರ ಸೀಮೆಯ, ದಾಳಿಯನ್ನು ಎದುರಿಸಿ ಸತ್ತ ಕಿತ್ತಯ್ಯನೆಂಬವನ ನೆನಪಿಗೆ ನಿಲ್ಲಿಸಿದ್ದು. ಪೆರ್ಬೊಳಲ್ ನಾಡು ಎಂಬ ಹೆಸರು ಅದರಲ್ಲಿದೆ. ಮುಂದಿನದನ್ನು ಮಾಡಿದವರು ಆ ಬಡಾವಣೆಯ ಜನ. ಕಲ್ಲನ್ನು ಎತ್ತಿ ನಿಲ್ಲಿಸಿದರು, ಅದು ಸಿಕ್ಕ ಬಡಾವಣೆಯಲ್ಲೇ ಅದಕ್ಕೊಂದು ಮಂಟಪ ಕಟ್ಟಿಸಿದರು. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ನಗರದ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರವನ್ನೂ ದಾಖಲಿಸುವ ಕೆಲಸ ನಡೆದಿರುವುದೂ ಇದೇ ಉತ್ಸಾಹದ ಮುಂದುವರಿಕೆ. ಕಲ್ಲು ಇದ್ದ ಜಾಗದಲ್ಲೇ ಇದ್ದು, ಅದನ್ನು ಓದಿ ಹೇಳುವವರು ಅಲ್ಲಿಗೇ ಬಂದರೆ ಏನಾಗುತ್ತದೆ ಎಂಬುದಕ್ಕೆ ಹೆಬ್ಬಾಳ ಒಳ್ಳೆಯ ಉದಾಹರಣೆ. ಸಾವಿರದಿನ್ನೂರು ವರ್ಷಗಳಿಗೂ ಹಿಂದೆ ಸತ್ತ ಒಬ್ಬ ಮನುಷ್ಯ ಆ ಬಡಾವಣೆಯವರ ಮಾತಿನಲ್ಲಿ ‘ನಮ್ಮ ಕಿತ್ತಯ್ಯ’ ಆಗಿದ್ದಾನೆ.

ಆತಕೂರಿನಲ್ಲಿ ಇಲ್ಲದ ಕಲ್ಲು

ಕಲ್ಲನ್ನು ಜಾಗದಿಂದ ಎತ್ತಿದರೆ ಏನು ಕಳೆದುಹೋಗುತ್ತದೆ ಎಂದು ಯೋಚಿಸುವಾಗ ನನಗೆ ಆತಕೂರು ನೆನಪಾಗುತ್ತದೆ. ಮದ್ದೂರು ತಾಲ್ಲೂಕಿನ ಆ ಊರಿನ ಶಾಸನ ಶಕ 872ರದು, ಅಂದರೆ ಕ್ರಿ.ಶ. 949-50. ಅದು ಎರಡು ಕಥೆಗಳನ್ನು ಒಟ್ಟಿಗೆ ಹೇಳುತ್ತದೆ. ಒಂದು ದೊಡ್ಡ ಕಥೆ: ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದ್ದು, ಆ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ), ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನೇ ಕೊಟ್ಟದ್ದು. ದಕ್ಷಿಣ ಭಾರತದ ರಾಜಕೀಯವನ್ನೇ ಕೆಲಕಾಲ ತಿರುಗಿಸಿದ ಯುದ್ಧ ಅದು. ಇನ್ನೊಂದು ಚಿಕ್ಕ ಕಥೆ: ಆ ಯುದ್ಧದಲ್ಲಿ ಶೌರ್ಯ ತೋರಿದ ಬೂತುಗನ ಬಂಟ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕೇಳಲೆ ಎಂಬಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟಲಿ ಎಂದು ಬರೆಸಿದ. ನಾಯಿ ಹಂದಿಗಳ ಸೆಣಸು ಕಲ್ಲಿನ ಮೇಲೆ ಕೆತ್ತಿದೆ.

ಈ ಕಲ್ಲೂ ಈಗ ಬೆಂಗಳೂರಿನ ಸಂಗ್ರಹಾಲಯದಲ್ಲಿದೆ. ಅಲ್ಲಿ ಅದು ಮಳೆ ಬಿಸಿಲಿನಿಂದ ಉಳಿದಿದೆ, ವಿದ್ವಾಂಸರಿಗೂ ಆಸಕ್ತರಿಗೂ ಸುಲಭವಾಗಿ ಸಿಗುತ್ತದೆ. ಅದನ್ನು ಅಲ್ಲಿಗೆ ತಂದವರ ಕಾಳಜಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಈ ಶಾಸನದ ಜೀವ ಇರುವುದು ‘ಇಲ್ಲಿ’ ಎಂಬುದರಲ್ಲಿ. ಇಲ್ಲಿನ ದೇವಾಲಯ, ಇಲ್ಲಿನ ಪೂಜಾರಿ, ಇಲ್ಲಿನ ಕೆರೆಯ ಕೆಳಗಿನ ಗದ್ದೆ, ಇಲ್ಲಿಂದ ನಡೆದು ಹೋಗಬಹುದಾದ ದೂರದಲ್ಲಿ ಸತ್ತ ನಾಯಿ. ಒಂದು ಮಹಾಯುದ್ಧದ ವಿವರವನ್ನು ಚೋಳರ, ರಾಷ್ಟ್ರಕೂಟರ ರಾಜಧಾನಿಗಳಿಂದ ದೂರದ ಒಂದು ಹಳ್ಳಿ ತನ್ನ ಗುಡಿಯ ಅಂಗಳದಲ್ಲಿ ಹಿಡಿದಿಟ್ಟಿತ್ತು ಎಂಬ ಸಂಗತಿ ಸಂಗ್ರಹಾಲಯದ ಗೋಡೆಯ ಪಕ್ಕ ಅರ್ಥವಾಗುವುದು ಕಷ್ಟ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ ಶಾಸನದ ಮೂಲ ಮೈಸೂರಿನಲ್ಲಿದೆ. ಹಲ್ಮಿಡಿಯಲ್ಲಿ 2003ರಲ್ಲಿ ಮಂಟಪ ಕಟ್ಟಿ ಅದರ ಫೈಬರ್ ಪ್ರತಿಕೃತಿಯನ್ನು ನಿಲ್ಲಿಸಿದರು. ಪ್ರತಿಕೃತಿ ಮೂಲವಲ್ಲ, ಮೂಲದ ಬೆಲೆ ಅದಕ್ಕಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಲ್ಮಿಡಿಗೆ ಹೋದವನಿಗೆ ವಿಜ ಅರಸ ಎಂಬವನಿಗೆ ಅವನ ಕತ್ತಿಯ ಸೇವೆಗಾಗಿ ಬಾಳ್ಗಳ್ಚಾಗಿ ಕೊಟ್ಟ ಊರಿನಲ್ಲೇ ತಾನು ನಿಂತಿದ್ದೇನೆ ಎಂಬುದು ತಿಳಿಯುತ್ತದೆ, ಆ ತಿಳಿವನ್ನು ಫೈಬರ್ ಕಲ್ಲೂ ಕೊಡಬಲ್ಲುದು. ಆತಕೂರಿಗೆ, ಮತ್ತು ತನ್ನ ಕಲ್ಲನ್ನು ನಗರಕ್ಕೆ ಒಪ್ಪಿಸಿದ ಪ್ರತಿ ಊರಿಗೆ, ಇಷ್ಟು ಸಲ್ಲಬೇಕು.

ರಸ್ತೆ ಅಗಲವಾಗುವಾಗ

ಕಾಯ್ದೆಯ ನೀಲಿ ಫಲಕ ಇರುವುದು ಕೆಲವೇ ಕಡೆ. ಕೇಂದ್ರದ ಪಟ್ಟಿಯಲ್ಲೂ ಇಲ್ಲದ, ರಾಜ್ಯದ 1961ರ ಕಾಯ್ದೆಯ ಪಟ್ಟಿಯಲ್ಲೂ ಇಲ್ಲದ ಕಲ್ಲುಗಳೇ ಹೆಚ್ಚು. ಇವುಗಳನ್ನು ಇಷ್ಟು ಕಾಲ ಕಾಪಾಡಿದ್ದು ಊರಿನವರ ಭಕ್ತಿ. ರಸ್ತೆ ಅಗಲಗೊಳಿಸುತ್ತಿದ್ದ ಒಂದು ಹಳ್ಳಿಯ ಬಳಿ ಇದನ್ನು ಕಣ್ಣಾರೆ ಕಂಡೆ. ಹಳೆಯ ಹುಣಿಸೆ ಮರಗಳನ್ನು ಕಡಿದು ಉರುಳಿಸಿದ್ದರು, ಬುಡದಲ್ಲಿದ್ದ ಎರಡು ಕಲ್ಲುಗಳಲ್ಲಿ ಒಂದು ಅಡ್ಡ ಬಿದ್ದಿತ್ತು. ಎದುರು ಮನೆಯ ಮುದುಕಿಯೊಬ್ಬರು ಜೆಸಿಬಿಯ ಮುಂದೆ ನಿಂತು, ಇದು ನಮ್ಮ ವೀರಪ್ಪ, ಮುಟ್ಟಿದರೆ ಊರಿಗೆ ಆಗದು ಎಂದು ಹಟ ಹಿಡಿದಿದ್ದರು. ಯಂತ್ರ ನಡೆಸುತ್ತಿದ್ದ ಹುಡುಗ ಇಳಿದು ಬಂದು ಕಲ್ಲಿಗೆ ಕೈಮುಗಿದು, ಏನು ಮಾಡಲೆಂದು ಅವರನ್ನೇ ಕೇಳಿದ. ಕೊನೆಗೆ ಊರಿನ ಗಂಡಸರು ಸೇರಿ ಹಗ್ಗ ಕಟ್ಟಿ ಎರಡೂ ಕಲ್ಲುಗಳನ್ನು ಶಾಲೆಯ ಕಾಂಪೌಂಡಿನ ಪಕ್ಕಕ್ಕೆ ಸಾಗಿಸಿದರು. ಆ ಅಜ್ಜಿಗೆ ಕಲ್ಲಿನ ಕಾಲವಾಗಲಿ ಕಾಳಗವಾಗಲಿ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಆ ಹೊತ್ತಿಗೆ ಅಲ್ಲಿರಲಿಲ್ಲ.

ಭಕ್ತಿಯಿಂದ ಆಗುವ ಹಾನಿಯನ್ನೂ ಹೇಳಬೇಕು. ಎಣ್ಣೆ ಕುಂಕುಮದ ಪದರ ಅಕ್ಷರಗಳನ್ನು ಮುಚ್ಚುತ್ತದೆ, ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿಗೆ ಎನಾಮೆಲ್ ಬಣ್ಣ ಬಳಿಯುತ್ತಾರೆ, ಸಿಮೆಂಟಿನಲ್ಲಿ ಅರ್ಧ ಕಲ್ಲನ್ನು ಹುಗಿಯುತ್ತಾರೆ. ಇದಕ್ಕಿಂತ ಕೆಟ್ಟದ್ದು ನಿಧಿಯ ಆಸೆ. ಅರ್ಥವಾಗದ ಅಕ್ಷರಗಳು ನಿಧಿಯ ಗುಟ್ಟು ಹೇಳುತ್ತವೆಂಬ ನಂಬಿಕೆಯಿಂದ ಎಷ್ಟೋ ಶಾಸನಗಳನ್ನು ರಾತ್ರೋರಾತ್ರಿ ಅಗೆದು ಒಡೆದಿದ್ದಾರೆ. ಅಲ್ಲಿ ಬರೆದಿರುವುದು ಇಷ್ಟೇ, ಇಂಥವನು ಇಂಥ ದಿನ ಹಸು ಬಿಡಿಸಲು ಹೋಗಿ ಸತ್ತ ಎಂದು ಪಕ್ಕದಲ್ಲೇ ಹೊಸಗನ್ನಡದಲ್ಲಿ ಬರೆದಿದ್ದರೆ ಹಾರೆ ಹಿಡಿದು ಬಂದವನೂ ಒಂದು ಕ್ಷಣ ಓದುತ್ತಿದ್ದ. ಕಲ್ಲಿನ ಅರ್ಥ ತಿಳಿಸುವುದೇ ಅದಕ್ಕೆ ಒಂದು ರಕ್ಷಣೆ ಎಂದು ನಾನು ನಂಬುತ್ತೇನೆ.

ಹೊಸ ಹೆದ್ದಾರಿಗಳ ತೊಂದರೆ ಬೇರೆ ಬಗೆಯದು. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ದಶಪಥ ಊರುಗಳನ್ನು ಬಳಸಿಕೊಂಡು ಹೋಗುತ್ತದೆ, ಮದ್ದೂರನ್ನು ಮೇಲ್ಸೇತುವೆಯಲ್ಲಿ ದಾಟುತ್ತದೆ. 1938ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯ ಹೋರಾಟಗಾರರು ನಿಷೇಧಾಜ್ಞೆಯನ್ನು ಮೀರಿ ಬಾವುಟ ಹಾರಿಸಿದ, ಮದ್ದೂರಿನ ಬಳಿಯ ಶಿವಪುರದ ನೆನಪಿಗೆ ಕಟ್ಟಿದ ಸೌಧ ಹಳೆಯ ರಸ್ತೆಯ ಬದಿಯಲ್ಲಿದೆ. ಮೊದಲು ಬಸ್ಸಿನ ಕಿಟಕಿಯಿಂದಲೇ ಅದು ಕಾಣುತ್ತಿತ್ತು, ಮಕ್ಕಳು ಏನದು ಎಂದು ಕೇಳುತ್ತಿದ್ದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಸ್ಮಾರಕಕ್ಕೆ ಹೋಗಬೇಕೆಂದರೆ ಹೋಗಬೇಕೆಂದೇ ಹೊರಡಬೇಕು. ದಾರಿಯಲ್ಲಿ ಸಿಗುವ ಚರಿತ್ರೆಗೂ ಹುಡುಕಿಕೊಂಡು ಹೋಗುವ ಚರಿತ್ರೆಗೂ ವ್ಯತ್ಯಾಸವಿದೆ. ಮೊದಲನೆಯದು ಆಸಕ್ತಿ ಇಲ್ಲದವರನ್ನೂ ಮುಟ್ಟುತ್ತದೆ. ವೇಗದ ರಸ್ತೆಯಲ್ಲಿ ಅದಕ್ಕೆ ಅವಕಾಶವಿಲ್ಲವಾದ್ದರಿಂದ, ವಾಹನಗಳು ಹೇಗೂ ನಿಲ್ಲುವ ತಂಗುದಾಣಗಳಲ್ಲಿ ಆ ಸುತ್ತಿನ ಊರುಗಳ ಚರಿತ್ರೆಯನ್ನು ಬರೆದು ಹಾಕಬೇಕು.

ಹೊಗಳದೆ ಹೇಳುವುದು

ಐದು ಸಾಲು ಬರೆಯಬೇಕೆಂದರೆ ಎಲ್ಲ ಕಲ್ಲುಗಳೂ ಸಮಾನ ಸುಲಭವಲ್ಲ. ಸತಿ ಹೋದ ಹೆಣ್ಣಿನ ನೆನಪಿಗೆ ನೆಟ್ಟ ಮಾಸ್ತಿಕಲ್ಲಿನ ಎದುರು ನಿಂತಾಗ ಬರಹಗಾರನ ಕೈ ತಡೆಯಬೇಕು. ಮೇಲೆತ್ತಿದ ತೋಳು, ತುಂಬ ಬಳೆ, ಕೈಯಲ್ಲಿ ನಿಂಬೆಹಣ್ಣು. ಇಷ್ಟೇ ಇರುವ ಕಲ್ಲುಗಳು ನಾಡಿನ ತುಂಬ ಇವೆ, ಹೆಚ್ಚಿನವುಗಳಲ್ಲಿ ಆ ಹೆಣ್ಣಿನ ಹೆಸರಿಲ್ಲ. ಹೆಸರೂ ಕಥೆಯೂ ಉಳಿದಿರುವುದು ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನ 1057ರ ಶಾಸನದಲ್ಲಿ. ದೇಕಬ್ಬೆಯ ಗಂಡ ಏಚ, ಮಲ್ಲಯುದ್ಧದಲ್ಲಿ ದೊರೆಯ ಸಂಬಂಧಿಯೊಬ್ಬನನ್ನು ಕೊಂದುದಕ್ಕಾಗಿ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದ. ಸುದ್ದಿ ತಿಳಿದ ದೇಕಬ್ಬೆ, ಹೆತ್ತವರು ಬಂಧುಗಳು ತಡೆದರೂ ಕೇಳದೆ, ದಾನಗಳನ್ನು ಕೊಟ್ಟು ಬೆಂಕಿಗೆ ಹಾರಿದಳು. ಶಾಸನ ಅದನ್ನು ಸೊಗಸಾದ ಪದ್ಯಗಳಲ್ಲಿ ಕೊಂಡಾಡುತ್ತದೆ. ಓದುತ್ತಿದ್ದರೆ ಕವಿಯ ಕೌಶಲಕ್ಕೆ ಮನಸ್ಸು ಸೋಲುತ್ತದೆ, ಅದರ ಬೆನ್ನಿಗೇ ತಡೆಯಲು ನಿಂತ ತಂದೆತಾಯಿಗಳ ಮಾತು ಎದೆಗೆ ನಾಟುತ್ತದೆ.

ಇಂಥ ಕಲ್ಲಿನ ಪಕ್ಕದ ಫಲಕ ‘ಮಹಾಸಾಧ್ವಿ’ ಎಂದು ಬರೆಯಬಾರದು. ಸತಿಯನ್ನು ವೈಭವೀಕರಿಸುವುದನ್ನು 1987ರ ಕಾಯ್ದೆ ನಿಷೇಧಿಸಿದೆ ಎಂಬುದು ಒಂದು ಕಾರಣವಷ್ಟೆ. ಹೊಗಳಿಕೆಯ ಮಾತು ಆ ಹೆಣ್ಣನ್ನು ಮತ್ತೊಮ್ಮೆ ಮರೆಮಾಡುತ್ತದೆ ಎಂಬುದು ನನಗೆ ಅದಕ್ಕಿಂತ ದೊಡ್ಡ ಕಾರಣ. ಹಾಗೆಂದು ಇಂದಿನ ತೀರ್ಪನ್ನು ಬರೆದು ಕಲ್ಲನ್ನು ಅವಮಾನಿಸುವುದೂ ಬೇಡ. ದೇಕಬ್ಬೆ ಎಂಬವಳಿದ್ದಳು, ಅವಳ ಗಂಡನನ್ನು ಇಂಥ ಕಾರಣಕ್ಕೆ ಕೊಂದರು, ಅವಳನ್ನು ಮನೆಯವರು ತಡೆದರು, ಅವಳು ಬೆಂಕಿಗೆ ಬಿದ್ದು ಸತ್ತಳು ಎಂದು ನಡೆದದ್ದನ್ನು ನಡೆದಂತೆ ಬರೆದರೆ ಸಾಕು. ಶ್ರೀರಂಗಪಟ್ಟಣದಲ್ಲೂ ಇದೇ ಎಚ್ಚರ ಬೇಕೆನಿಸುತ್ತದೆ. 1799ರ ಮೇ 4ರಂದು ಟಿಪ್ಪುವಿನ ಶರೀರ ಸಿಕ್ಕ ಜಾಗವನ್ನು ಗುರುತಿಸುವ ಕಲ್ಲಿದೆ, ಅದೇ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಕಡೆಯವರ ನೆನಪಿನ ಎತ್ತರದ ಕಂಬವಿದೆ. ಆ ದಿನ ಕೋಟೆಯ ಒಳಗೆ ಸತ್ತ ಸಾವಿರಾರು ಸಾಮಾನ್ಯ ಸೈನಿಕರಿಗೆ ಅಂಥ ಕಂಬವಿಲ್ಲ. ಒಂಬತ್ತನೆಯ, ಹತ್ತನೆಯ ಶತಮಾನದ ಹಳ್ಳಿಗಳು ಒಬ್ಬ ಮನೆಮಗನಿಗೂ, ಒಂದು ನಾಯಿಗೂ ಕಲ್ಲು ನೆಟ್ಟಿದ್ದವು.

ಫಲಕದ ಮೇಲೆ ಏನು ಬರೆಯಬೇಕು

ಹೆಬ್ಬಾಳದ ಕಲ್ಲಿಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಇದು ಕಿತ್ತಯ್ಯನ ಕಲ್ಲು. ಸುಮಾರು ಕ್ರಿ.ಶ. 750ರಲ್ಲಿ, ಗಂಗ ದೊರೆ ಶ್ರೀಪುರುಷ ಆಳುತ್ತಿದ್ದಾಗ, ರಟ್ಟವಾಡಿಯ ದಂಡಿನೊಡನೆ ಹೋರಾಡಿ ಅವನು ಸತ್ತ. ಆಗ ಈ ಸೀಮೆಗೆ ಪೆರ್ಬೊಳಲ್ ನಾಡು ಎಂಬ ಹೆಸರಿತ್ತು. ಕಲ್ಲಿನ ಮೇಲಿರುವುದು ಅವನ ಚಿತ್ರ, ಸುತ್ತ ಇರುವುದು ಕನ್ನಡ ಅಕ್ಷರ. 2018ರಲ್ಲಿ ಇದು ಮತ್ತೆ ಸಿಕ್ಕಿತು, ಇಲ್ಲಿನ ಜನರೇ ಇದನ್ನು ನಿಲ್ಲಿಸಿದರು.’ ಬಿರುದುಗಳಿಲ್ಲ, ‘ಭವ್ಯ’, ‘ಅಪ್ರತಿಮ’ ಎಂ‌ಬ ವಿಶೇಷಣಗಳಿಲ್ಲ. ಐದನೆಯ ತರಗತಿಯ ಮಗು ಓದಬಹುದು. ಕೆಳಗೆ ಚಿಕ್ಕ ಅಕ್ಷರದಲ್ಲಿ ಶಾಸನ ಸಂಪುಟದ ತಾಲ್ಲೂಕು ಸಂಖ್ಯೆ ಇದ್ದರೆ ಹೆಚ್ಚು ತಿಳಿಯಬೇಕೆನ್ನುವವನು ಗ್ರಂಥಾಲಯಕ್ಕೆ ಹೋಗುತ್ತಾನೆ. ಕಾಯ್ದೆಯ ಎಚ್ಚರಿಕೆ ಬೇಕಿದ್ದರೆ ಅದಕ್ಕೂ ಕೆಳಗೆ ಇರಲಿ, ಹಳೆಯ ಶಾಸನಗಳಲ್ಲಿ ಶಾಪಶ್ಲೋಕ ಇದ್ದ ಜಾಗದಲ್ಲಿ.

ಅಕ್ಷರವೇ ಇಲ್ಲದ ಕಲ್ಲುಗಳ ವಿಷಯವನ್ನು ನಾನು ಹೆಚ್ಚು ಯೋಚಿಸಿದ್ದೇನೆ, ಏಕೆಂದರೆ ಸಂಖ್ಯೆಯಲ್ಲಿ ಅವೇ ಜಾಸ್ತಿ. ಅಲ್ಲಿ ಊಹೆಯನ್ನು ಚರಿತ್ರೆಯೆಂದು ಬರೆಯುವ ಆಸೆಗೆ ಬಲಿಯಾಗಬಾರದು, ಹತ್ತಿರದ ಯಾವುದೋ ದೊಡ್ಡ ರಾಜವಂಶದ ಹೆಸರನ್ನು ಹಚ್ಚಲೂಬಾರದು. ಚಿತ್ರದಲ್ಲಿ ಏನಿದೆಯೋ ಅದನ್ನು ಮೊದಲ ಎರಡು ಸಾಲಿನಲ್ಲಿ ಹೇಳಬೇಕು: ಬಿಲ್ಲು ಹಿಡಿದವನೊಬ್ಬ, ಅವನ ಹಿಂದೆ ಹಸುಗಳು, ಎದುರಿಗೆ ಕುದುರೆಯೇರಿದ ಶತ್ರು. ಶಿಲ್ಪದ ರೀತಿ ನೋಡಿ ಬಲ್ಲವರು ಹೇಳುವ ಶತಮಾನವನ್ನು ಮೂರನೆಯ ಸಾಲಿನಲ್ಲಿ, ‘ಸುಮಾರು’ ಎಂಬ ಮಾತಿನೊಡನೆ ಬರೆಯಬೇಕು. ಉಳಿದೆರಡು ಸಾಲನ್ನು ಊರಿಗೆ ಬಿಡಬೇಕು: ಊರಿನವರು ಇದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಯಾವ ದಿನ ಪೂಜಿಸುತ್ತಾರೆ, ಏನೆಂದು ನಂಬುತ್ತಾರೆ. ಇದು ಊರಿನವರ ಮಾತು ಎಂದು ಅಲ್ಲೇ ಸ್ಪಷ್ಟವಾಗಿ ಬರೆದರೆ ಚರಿತ್ರೆಗೆ ಅಪಚಾರವಾಗುವುದಿಲ್ಲ. ಆ ಎರಡು ಸಾಲನ್ನು ಹೇಳಬಲ್ಲವರು ಪ್ರತಿ ಊರಿನಲ್ಲೂ ಈಗ ಬಹಳ ವಯಸ್ಸಾದ ಕೆಲವರೇ ಇರುವುದರಿಂದ, ಫಲಕಕ್ಕೆ ಹಣ ಮಂಜೂರಾಗುವ ಮೊದಲೇ, ಶಾಲೆಯ ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ಅವರ ಬಳಿ ಕಳಿಸುವ ಕೆಲಸದಿಂದ ಇದನ್ನು ಆರಂಭಿಸಬೇಕು.